ಅಹವಾಲು, ಜವಾಬು, ಜವಾಬ್ದಾರಿ

ಸರ್ಕಾರದೊಡನೆ ವ್ಯವಹರಿಸುವಾಗ ನಾವು ಬಳಸುವ ಮಾತುಗಳನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಬೇಕು. ಅರ್ಜಿ, ಅಹವಾಲು, ತಕರಾರು, ಮಂಜೂರು, ಜಮಾಬಂದಿ, ಜವಾಬು: ಇವೆಲ್ಲ ಅರಬ್ಬಿ, ಪಾರಸಿಗಳ ದಾರಿಯಿಂದ ನಮ್ಮ ಕಚೇರಿಗಳಿಗೆ ಬಂದು, ಅಲ್ಲಿಂದ ಊರಿನ ಜಗಲಿಗೆ ಇಳಿದು, ಈಗ ಕನ್ನಡವೇ ಆಗಿಹೋಗಿರುವ ಶಬ್ದಗಳು. ಜಿಲ್ಲೆ, ತಾಲ್ಲೂಕು, ಕೊನೆಗೆ ಸರ್ಕಾರ ಎಂಬ ಮಾತು ಕೂಡ ಹಾಗೆಯೇ ಬಂದದ್ದು. ಇತ್ತ ಸಂಸ್ಕೃತದಿಂದ ಬಂದ 'ಪ್ರಜೆ' ಎಂಬ ಶಬ್ದಕ್ಕೆ ಮೂಲದಲ್ಲಿ ಸಂತಾನ ಎಂದೇ ಅರ್ಥ. ಅರಸು ತಂದೆ, ನಾಡಿನವರು ಮಕ್ಕಳು ಎಂಬ ಭಾವನೆ ಆ ಒಂದು ಪದದಲ್ಲಿಯೇ ಅಡಗಿದೆ. ನಾನು ಕನ್ನಡ ಎಂ.ಎ. ಓದಿ ಮೂವತ್ತು ವರ್ಷಕ್ಕೂ ಮಿಕ್ಕು ಪಾಠ ಹೇಳಿದವನು. ಚರಿತ್ರೆಯಾಗಲಿ ರಾಜ್ಯಶಾಸ್ತ್ರವಾಗಲಿ ನನ್ನ ಶಾಸ್ತ್ರವಲ್ಲ. ಆದರೆ ಶಬ್ದಗಳ ಬೆನ್ನು ಹತ್ತಿದವನು ಎಷ್ಟೋ ವೇಳೆ ಚರಿತ್ರೆಯ ಅಂಗಳದಲ್ಲಿಯೇ ಹೋಗಿ ನಿಲ್ಲುತ್ತಾನೆ. ಈ ನಾಡಿನ ರಾಜ್ಯವ್ಯವಸ್ಥೆ ಬೆಳೆದು ಬಂದ ಬಗೆಯನ್ನು ಕುರಿತು ನಾನು ಈ ಹೊತ್ತು ಆಡಬೇಕೆಂದಿರುವ ಮಾತಿಗೆ ಮೂರು ಶಬ್ದ ಸಾಕು: ಅಹವಾಲು, ಜವಾಬು, ಜವಾಬ್ದಾರಿ.

ಮೊದಲು ಒಂದು ಹಳೆಯ ಶಾಸನದ ಮಾತು. ಈಗ ಗದಗ ಜಿಲ್ಲೆಗೆ ಸೇರಿರುವ ಲಕ್ಷ್ಮೇಶ್ವರ ಹಿಂದೆ ಪುಲಿಗೆರೆ, ಪೊರಿಗೆರೆ ಎಂಬ ಹೆಸರಿನ ಪಟ್ಟಣ. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ, ಬಾದಾಮಿಯ ಚಾಲುಕ್ಯರ ಯುವರಾಜನಾಗಿದ್ದ ವಿಕ್ರಮಾದಿತ್ಯನು ಆ ಪಟ್ಟಣದ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು 'ಆಚಾರವ್ಯವಸ್ಥೆ'ಯನ್ನು ಬರೆಯಿಸಿ ಕೊಟ್ಟನು. ಬಹುಪಾಲು ಶಾಸನಗಳು ದಾನದ ಕಥೆಯನ್ನೋ ಯುದ್ಧದ ಕಥೆಯನ್ನೋ ಹೇಳುತ್ತವೆ. ಇದು ಹೇಳುವುದು ಊರಿಗೂ ಅರಸನ ಅಧಿಕಾರಿಗಳಿಗೂ ಇರಬೇಕಾದ ಸಂಬಂಧವನ್ನು. ಒಡೆಯರಿಲ್ಲದೆ ಬರಿದಾಗಿರುವ ಮನೆಗಳನ್ನು ರಾಜಪುರುಷರು ಕಾಪಾಡಬೇಕು, ತಾಮ್ರಶಾಸನಗಳನ್ನು ಮನ್ನಿಸಬೇಕು, ಅನುಭವಿಸುತ್ತ ಬಂದ ಭೂಮಿಕಾಣಿಯ ಅನುಭೋಗಕ್ಕೆ ಭಂಗ ತರಬಾರದು. ಊರಿನವರು ತೆರಬೇಕಾದುದೂ ಅದರಲ್ಲಿದೆ. ಆ ತೆರಿಗೆ ಎಲ್ಲ ಮನೆಗೂ ಒಂದೇ ಸಮನಲ್ಲ. ಉಳ್ಳವರ ಮನೆಗೆ ಹೆಚ್ಚು, ಇಲ್ಲದವರ ಮನೆಗೆ ಕಡಿಮೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಗೊತ್ತುಮಾಡಿದೆ. ಅರಸನ ಕಡೆಯವರು ಮಾಡತಕ್ಕದ್ದು ಇಷ್ಟು, ಊರಿನವರು ಕೊಡತಕ್ಕದ್ದು ಇಷ್ಟು ಎಂದು ಕಲ್ಲಿನ ಮೇಲೆ ಬರೆದು ನಿಲ್ಲಿಸಿದ ಮೇಲೆ, ಅದನ್ನು ಮೀರಿದ ಅಧಿಕಾರಿಗೆ ತೋರಿಸಲು ಊರಿನವರ ಕೈಯಲ್ಲಿ ಒಂದು ಆಧಾರವಾದರೂ ಇದ್ದಂತಾಯಿತು.

ಇಂಥ ಶಾಸನಗಳನ್ನು ಹಿಡಿದುಕೊಂಡು ನಮ್ಮ ಪೂರ್ವಜರಲ್ಲಿ ಪ್ರಜಾಪ್ರಭುತ್ವವಿತ್ತೆಂದು ಹಿಗ್ಗುವವರಿದ್ದಾರೆ. ನನಗೆ ಅಷ್ಟು ಧೈರ್ಯ ಬರುವುದಿಲ್ಲ. ಮಹಾಜನರೆಂದರೆ ಅಗ್ರಹಾರದ ಭೂಮಿಯುಳ್ಳ ಬ್ರಾಹ್ಮಣರು. ನಗರವೆಂದರೆ ವರ್ತಕ ಸಂಘ. ಊರಾಚೆಯ ಕೇರಿಯವನಿಗೂ ಯಾವ ಕೇರಿಯ ಹೆಂಗಸಿಗೂ ಆ ಸಭೆಯಲ್ಲಿ ಜಾಗವಿರಲಿಲ್ಲ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಎಂಬ ಗ್ರಾಮದ ಕೈಗಳು ಒಳ್ಳೆಯ ಏರ್ಪಾಡಾಗಿದ್ದಿರಬಹುದು. ಆದರೆ ತೋಟಿಯ ಮಗ ತೋಟಿಯೇ ಆಗಬೇಕಾಗಿದ್ದ ಏರ್ಪಾಡು ಅದು. ಆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡುವ ಕಾನೂನು ನಮ್ಮ ರಾಜ್ಯದಲ್ಲಿ ಬಂದದ್ದು 1961ರಲ್ಲಿ. ಅಷ್ಟು ಹತ್ತಿರದ ಮಾತು ಅದು.

ಈಗ ಒಂದು ಸಾವಿರ ವರ್ಷಕ್ಕೂ ಹೆಚ್ಚು ದಾಟಿ ಮೈಸೂರಿಗೆ ಬರೋಣ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ ಬ್ರಿಟಿಷರು ಐವತ್ತು ವರ್ಷ ಕಮಿಷನರುಗಳ ಮೂಲಕ ರಾಜ್ಯವಾಳಿ, 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ಹಿಂದಿರುಗಿ ಬಂದ ರಾಜ್ಯ ಎಂಥದು? 1876ರಿಂದ 78ರವರೆಗಿನ ಮಹಾಕ್ಷಾಮ ಅದನ್ನು ಹಿಂಡಿಹಾಕಿತ್ತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಖಜಾನೆಯ ಮೇಲೆ 80 ಲಕ್ಷ ರೂಪಾಯಿಗಳ ಕ್ಷಾಮದ ಸಾಲ; ಅದರ ಜೊತೆಗೆ ಬ್ರಿಟಿಷರಿಗೆ ವರ್ಷವರ್ಷವೂ ಸಲ್ಲಬೇಕಾದ ಪೊಗದಿ. ಇಂಥ ರಾಜ್ಯದ ದಿವಾನಗಿರಿ ಬಂದದ್ದು ಸಿ. ರಂಗಾಚಾರ್ಲು ಅವರ ಪಾಲಿಗೆ.

ಹಣವಿಲ್ಲದ ದಿವಾನನು ಸಾಮಾನ್ಯವಾಗಿ ಹೊಸ ತೆರಿಗೆಯನ್ನು ಯೋಚಿಸುತ್ತಾನೆ. ರಂಗಾಚಾರ್ಲು ಅವರು ಯೋಚಿಸಿದ್ದು ಒಂದು ಸಭೆಯನ್ನು. 1881ರ ಆಗಸ್ಟ್ 25ರಂದು ಮಹಾರಾಜರ ಆಜ್ಞೆ ಹೊರಟಿತು. ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಬಂದವರು 144 ಮಂದಿ. ದಸರೆಗೆ ಹೇಗೂ ಊರೂರುಗಳಿಂದ ಜನ ಮೈಸೂರಿಗೆ ಬರುತ್ತಾರೆ, ಉತ್ಸವವನ್ನೂ ನೋಡಿದಂತಾಯಿತು, ರಾಜ್ಯದ ಲೆಕ್ಕವನ್ನೂ ಕೇಳಿದಂತಾಯಿತು ಎಂಬ ವ್ಯವಹಾರಜ್ಞಾನ ಆ ಏರ್ಪಾಡಿನಲ್ಲಿತ್ತು. ದೇಶೀ ಸಂಸ್ಥಾನಗಳಲ್ಲಿ ಇಂಥ ಸಭೆ ಇದೇ ಮೊದಲನೆಯದು.

ಆದರೆ ಆ ಸಭೆ ಮಾಡುತ್ತಿದ್ದುದೇನು ಎಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಸದಸ್ಯರನ್ನು ಜನರು ಚುನಾಯಿಸಿರಲಿಲ್ಲ. ಆರಿಸಿ ಕಳುಹಿಸಿದ ಜಮೀನುದಾರರೂ ವರ್ತಕರೂ ಅವರು. ದಿವಾನರು ಹಿಂದಿನ ವರ್ಷದ ಆದಾಯ, ವೆಚ್ಚ, ನಡೆದ ಕೆಲಸ, ಮುಂದಿನ ಯೋಜನೆ ಇವುಗಳನ್ನು ಭಾಷಣರೂಪದಲ್ಲಿ ಸಭೆಯ ಮುಂದಿಡುವರು. ಬಳಿಕ ಸದಸ್ಯರು ತಂತಮ್ಮ ಕಡೆಯ ಅಹವಾಲುಗಳನ್ನು ಹೇಳಿಕೊಳ್ಳುವರು. ಕಂದಾಯದ ಭಾರ, ಕೆರೆಯ ದುರಸ್ತಿ, ಕಾಡಿನಲ್ಲಿ ದನ ಮೇಯಿಸುವ ಹಕ್ಕು, ಇಂಥ ವಿಷಯಗಳು. ಸರ್ಕಾರ ಅದಕ್ಕೆ ಜವಾಬು ಹೇಳುವುದು. ಕಾನೂನು ಮಾಡುವ ಅಧಿಕಾರ ಸಭೆಗಿಲ್ಲ. ಆಯವ್ಯಯಕ್ಕೆ ಒಪ್ಪಿಗೆ ಕೊಡುವ ಅಥವಾ ನಿರಾಕರಿಸುವ ಅಧಿಕಾರವೂ ಇಲ್ಲ. 'ಅಹವಾಲು' ಎಂಬುದು 'ಹಾಲ್' ಎಂಬ ಅರಬ್ಬಿ ಶಬ್ದದ ಬಹುವಚನ. ಸ್ಥಿತಿಗತಿ ಎಂದು ಅರ್ಥ. ಪ್ರಜೆ ತನ್ನ ಸ್ಥಿತಿಗತಿಯನ್ನು ಹೇಳಿಕೊಳ್ಳಬಹುದು. ಅಲ್ಲಿಗೆ ಅವನ ಕೆಲಸ ಮುಗಿಯಿತು.

ಹೀಗಿದ್ದುದರಿಂದ ಅದು ಬರಿಯ ದರ್ಬಾರಿನ ಅಲಂಕಾರವೆಂದು ಹೀಗಳೆದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಮಾದರಿ ಸಂಸ್ಥಾನದ ಕಿರೀಟರತ್ನವೆಂದು ಹೊಗಳುವವರೂ ಇದ್ದಾರೆ. ನನಗೆ ತೋರುವಂತೆ, ಇಬ್ಬರೂ ಆ ಸಭೆಯ ಮುಖ್ಯ ಕೆಲಸವನ್ನು ಗಮನಿಸಿಲ್ಲ. ವರ್ಷಕ್ಕೊಮ್ಮೆ, ಗೊತ್ತಾದ ಕಾಲದಲ್ಲಿ, ರಾಜ್ಯದ ಅತ್ಯುನ್ನತ ಅಧಿಕಾರಿಯೊಬ್ಬನು ರೈತರ ಎದುರು ನಿಂತು ಲೆಕ್ಕ ಹೇಳಬೇಕು ಎಂಬ ಸಂಪ್ರದಾಯವನ್ನು ಅದು ಹಾಕಿಕೊಟ್ಟಿತು. ಒಮ್ಮೆ ಹೇಳತೊಡಗಿದವನು ಮರುವರ್ಷ ಹೇಳದಿರುವುದು ಕಷ್ಟ. ರಂಗಾಚಾರ್ಲು ಅವರು ಇಂಥ ಎರಡು ಅಧಿವೇಶನಗಳನ್ನು ಮಾತ್ರ ಕಂಡರು. 1883ರ ಜನವರಿಯಲ್ಲಿ ತೀರಿಕೊಂಡರು. ಅವರ ಬಳಿಕ ಹದಿನೆಂಟು ವರ್ಷ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಭೆಗೆ ಚುನಾವಣೆಯ ಪದ್ಧತಿ ಬಂತು. ಆಸ್ತಿಯುಳ್ಳವರಿಗೆ ಮಾತ್ರ ಮತವಿದ್ದ ಚುನಾವಣೆ, ನಿಜ. ಆದರೂ ಎಂಟು ವರ್ಷ ತುಂಬದ ಹುಡುಗಿಯರ ವಿವಾಹವನ್ನು ನಿಷೇಧಿಸಿದ 1894ರ ಕಾನೂನಿನಂಥ ವಿಷಯ ಈ ಸಭೆಯ ಚರ್ಚೆಗೆ ಬಂದೇ ಮುಂದೆ ಸಾಗಬೇಕಾಯಿತು.

ಮುಂದಿನದನ್ನು ಬೇಗಬೇಗ ಹೇಳಿಬಿಡುತ್ತೇನೆ. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಕಾನೂನು ಮಾಡುವ ಕೆಲಸಕ್ಕೆ ಬೇರೆಯದೊಂದು ಚಿಕ್ಕ ಸಭೆ ಬಂದಂತಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಎರಡು ಸಭೆಗಳ ಅಧಿಕಾರವನ್ನೂ ತುಸು ಹಿಗ್ಗಿಸಿದರು. ಆದರೆ ಪ್ರಜೆ ಎಂದರೆ ಯಾರು ಎಂಬ ಪ್ರಶ್ನೆ ಅಷ್ಟರಲ್ಲಿ ಎದ್ದಿತ್ತು. ಕಚೇರಿಗಳಲ್ಲಿಯೂ ಸಭೆಗಳಲ್ಲಿಯೂ ಒಂದೇ ವರ್ಗದವರು ತುಂಬಿದ್ದರೆ ಉಳಿದವರ ಅಹವಾಲನ್ನು ಯಾರು ಹೇಳಬೇಕು? 1918ರಲ್ಲಿ ನೇಮಕವಾದ ಸರ್ ಲೆಸ್ಲಿ ಮಿಲ್ಲರ್ ಸಮಿತಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಇರಬೇಕೆಂದು ಹೇಳಿತು. ಬ್ರಜೇಂದ್ರನಾಥ ಸೀಲ್ ಅವರ ಅಧ್ಯಕ್ಷತೆಯ ಸಮಿತಿಯ ವರದಿಯ ಮೇಲೆ, 1923ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರವನ್ನು ಕೊಟ್ಟರು. ಹೊಸ ತೆರಿಗೆ ಹಾಕುವ ಮುನ್ನ ಸಭೆಯ ಅಭಿಪ್ರಾಯವನ್ನು ಕೇಳಬೇಕೆಂದಾಯಿತು. ಹೆಂಗಸೆಂಬ ಕಾರಣಕ್ಕೆ ಮತದಾನದ ಹಕ್ಕನ್ನು ನಿರಾಕರಿಸುವುದು ತಪ್ಪಿತು.

ಆದರೂ ದಿವಾನರು ಉತ್ತರ ಕೊಡುತ್ತಿದ್ದುದು ಸಭೆಗೆ, ಉತ್ತರವಾದಿಯಾಗಿದ್ದುದು ಮಹಾರಾಜರಿಗೆ. ಇದೇ ನಮ್ಮ ಎರಡನೆಯ ಶಬ್ದಕ್ಕೂ ಮೂರನೆಯ ಶಬ್ದಕ್ಕೂ ಇರುವ ಅಂತರ. ಜವಾಬು ಕೊಡುವವನ ಜವಾಬು ಸರಿಯಿಲ್ಲದಿದ್ದರೆ ಅವನನ್ನು ಇಳಿಸುವುದಕ್ಕೆ ಕೇಳುವವನಿಗೆ ಅಧಿಕಾರವಿದ್ದಾಗ ಮಾತ್ರ ಜವಾಬ್ದಾರಿ ಎಂಬುದು ಹುಟ್ಟುತ್ತದೆ. ಮೈಸೂರಿನ ಸ್ವಾತಂತ್ರ್ಯ ಹೋರಾಟಗಾರರು ತಮ್ಮ ಬೇಡಿಕೆಗೆ ಇಟ್ಟ ಹೆಸರು 'ಜವಾಬ್ದಾರಿ ಸರ್ಕಾರ'. ಇಷ್ಟು ಖಚಿತವಾದ ರಾಜಕೀಯ ಪರಿಭಾಷೆ ಕನ್ನಡದಲ್ಲಿ ಬೇರೆ ಹೆಚ್ಚು ಇಲ್ಲವೆಂದು ನನ್ನ ಅಭಿಪ್ರಾಯ. 1938ರ ಏಪ್ರಿಲಿನಲ್ಲಿ ಮದ್ದೂರಿನ ಹತ್ತಿರ ಶಿವಪುರದ ಧ್ವಜಸತ್ಯಾಗ್ರಹ ನಡೆಯಿತು; ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ, ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಮಾದರಿ ಸಂಸ್ಥಾನವೆಂಬ ಕೀರ್ತಿಯ ಬೆನ್ನಿಗೆ ಆ ಗುಂಡಿನ ಸದ್ದೂ ಇದೆ ಎಂಬುದನ್ನು ಮರೆತು ಈ ಚರಿತ್ರೆಯನ್ನು ಓದಲಾಗದು. ದೇಶ ಸ್ವತಂತ್ರವಾದ ಮೇಲೂ ಮೈಸೂರಿನ ಜನ 'ಮೈಸೂರು ಚಲೋ' ಎಂದು ಬೀದಿಗಿಳಿಯಬೇಕಾಯಿತು. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. 1949ರಲ್ಲಿ ಹಳೆಯ ಪ್ರಜಾಪ್ರತಿನಿಧಿ ಸಭೆ ಕೊನೆಗೊಂಡಿತು. ಅರವತ್ತೆಂಟು ವರ್ಷ ಬಾಳಿದ ಸಂಸ್ಥೆ; ಅದು ಹೋದದ್ದಕ್ಕೆ ಅತ್ತವರು ಹೆಚ್ಚು ಮಂದಿ ಇರಲಾರರು.

ಇದಿಷ್ಟೂ ಹಳೆಯ ಮೈಸೂರಿನ ಕಥೆ. ಕರ್ನಾಟಕದ ಕಥೆಯೆಂದರೆ ಇದೊಂದೇ ಎಂದು ಹೇಳುವ ಅಭ್ಯಾಸ ಬೆಂಗಳೂರು, ಮೈಸೂರು ಕಡೆಯವರಲ್ಲಿ ಇನ್ನೂ ಉಳಿದಿದೆ. 1956ರ ನವೆಂಬರ್ 1ರಂದು ಒಂದಾದ ನಾಡು ಐದು ಆಡಳಿತಗಳ ಕೈಯಲ್ಲಿ ಬೆಳೆದಿತ್ತು: ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗಿನಿಂದ, ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ'ದಿಂದ, ಆ ಐದೂ ಕಡೆಯ ಕನ್ನಡಿಗರು ಒಂದಾಗಬೇಕೆಂಬ ಹಂಬಲ ಬೆಳೆಯುತ್ತ ಬಂದಿತ್ತು. ಅದು ಹೆಚ್ಚು ಉರಿದದ್ದು ಉತ್ತರದಲ್ಲಿ. ಮೈಸೂರಿನ ಕೆಲವರಿಗೆ ತಮ್ಮ ಅನ್ನದ ತಟ್ಟೆಗೆ ಹೊಸಬರು ಬಂದು ಕೂರುತ್ತಾರೆಂಬ ಅಂಜಿಕೆಯೂ ಇತ್ತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಆ ಅಂಜಿಕೆಗೆ ಸೊಪ್ಪು ಹಾಕದೆ ಏಕೀಕರಣದ ಪರ ನಿಂತರು. ಹತ್ತೊಂಬತ್ತು ಜಿಲ್ಲೆಗಳ ರಾಜ್ಯವಾಯಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಆ ನೋವು ಬೇರೆಯ ಮಾತು.

ಒಂದಾದ ನಾಡಿನಲ್ಲಿ ಒಂದೇ ಅಧಿಕಾರಿಗೆ ಒಂದೊಂದು ಕಡೆ ಒಂದೊಂದು ಹೆಸರು. ತಾಲ್ಲೂಕಿನ ಒಡೆಯ ಮೈಸೂರಿನವರಿಗೆ ಅಮಲ್ದಾರ, ಧಾರವಾಡದವರಿಗೆ ಮಾಮಲೇದಾರ, ಕಲಬುರಗಿಯವರಿಗೂ ಮಂಗಳೂರಿನವರಿಗೂ ತಹಸೀಲ್ದಾರ. ಊರಿನ ಲೆಕ್ಕ ಬರೆಯುವವನು ಒಂದು ಕಡೆ ಶಾನುಭೋಗ, ಇನ್ನೊಂದು ಕಡೆ ಕುಲಕರ್ಣಿ, ಮತ್ತೊಂದು ಕಡೆ ಕರಣಂ. ಹೆಸರು ಬೇರೆಯಾದರೆ ಹೋಗಲಿ ಎನ್ನಬಹುದು, ಕಾನೂನೂ ಬೇರೆ. ಮೈಸೂರಿನ ಕಂದಾಯ ಕಾನೂನು 1888ರದು, ಮುಂಬಯಿಯದು 1879ರದು, ಹೈದರಾಬಾದಿನದು ಫಸಲಿ ವರ್ಷದ ಲೆಕ್ಕದಲ್ಲಿ ಬರೆದದ್ದು. ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾನೂನು ಬಂದದ್ದು 1964ರಲ್ಲಿ. ನಕ್ಷೆಯ ಮೇಲೆ ಒಂದು ದಿನದಲ್ಲಿ ಕೂಡಿದ ನಾಡು ಕಚೇರಿಯ ಕಡತದಲ್ಲಿ ಕೂಡಲು ಎಂಟು ವರ್ಷ ಹಿಡಿಯಿತು. ಅಭಿವೃದ್ಧಿಯಲ್ಲಿ ಕೂಡಿತೇ ಎಂದರೆ ಹೌದೆನ್ನುವುದು ಕಷ್ಟ. ಹೈದರಾಬಾದು ಕರ್ನಾಟಕಕ್ಕೆಂದು ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಬೇಕಾಗಿ ಬಂದದ್ದು ಏಕೀಕರಣವಾಗಿ ಐವತ್ತಾರು ವರ್ಷಗಳ ಮೇಲೆ. 1973ರ ನವೆಂಬರ್ 1ರಂದು, ದೇವರಾಜ ಅರಸರ ಕಾಲದಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು.

ಅದೇ ಅರಸರ ಕಾಲದಲ್ಲಿ ಅರ್ಜಿ ಎಂಬ ಶಬ್ದದ ಬದುಕಿನಲ್ಲಿ ಒಂದು ಪಲ್ಲಟ ನಡೆಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಂತೆ ಗೇಣಿದಾರನು ತಾನು ಉಳುತ್ತಿದ್ದ ನೆಲಕ್ಕೆ ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕಾಗಿತ್ತು. ಹೆಸರು ಅರ್ಜಿಯೇ; ಆದರೆ ಕೈಮುಗಿದು ಬೇಡುವ ಅರ್ಜಿ ಅದಾಗಿರಲಿಲ್ಲ. ನೆಲ ಗೇಣಿಯದೆಂದು ಭೂನ್ಯಾಯಮಂಡಳಿಗೆ ರುಜುವಾತಾದರೆ ಅದನ್ನು ಇಲ್ಲವೆನ್ನುವ ದಯೆಯಾಗಲಿ ನಿರ್ದಯೆಯಾಗಲಿ ಯಾರ ಕೈಯಲ್ಲಿಯೂ ಇರಲಿಲ್ಲ. 2005ರ ಮಾಹಿತಿ ಹಕ್ಕಿನ ಅರ್ಜಿಯೂ ಇದೇ ಜಾತಿಯದು: ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಜವಾಬು ಬರಲೇಬೇಕು.

ವಿಧಾನಸಭೆಯ ವಿಷಯವನ್ನು ಕೇಳುಗರಿಗೆ ನಾನು ಹೊಸದಾಗಿ ಹೇಳಬೇಕಾದುದಿಲ್ಲ. 224 ಮಂದಿ ಶಾಸಕರು; ಮಂತ್ರಿಮಂಡಲ ಒಟ್ಟಾಗಿ ಅವರಿಗೆ ಜವಾಬ್ದಾರ. ಜೊತೆಗೆ 75 ಮಂದಿಯ ವಿಧಾನ ಪರಿಷತ್ತು. ಅದು ಸಲಹೆ ಹೇಳಬಹುದು, ತಡಮಾಡಬಹುದು, ಸರ್ಕಾರವನ್ನು ಇಳಿಸಲಾರದು. ಒಂದು ಸಂಗತಿಯನ್ನು ಮಾತ್ರ ಹೇಳದೆ ಮುಂದೆ ಹೋಗಲಾರೆ. 1989ರಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ ಬಹುಮತವಿಲ್ಲವೆಂದು ರಾಜಭವನದಲ್ಲಿ ಕುಳಿತೇ ತೀರ್ಮಾನವಾಗಿ ಅದು ವಜಾ ಆಯಿತು. ಬಹುಮತವನ್ನು ಅಳೆಯಬೇಕಾದ ಜಾಗ ಶಾಸನಸಭೆಯ ಅಂಗಳವೇ ಹೊರತು ರಾಜ್ಯಪಾಲರ ಮನೆಯಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ತೀರ್ಪಿತ್ತಿತು. ಈ ದೇಶದ ಎಲ್ಲ ರಾಜ್ಯಗಳೂ ಇಂದು ಆ ತೀರ್ಪಿನ ನೆರಳಿನಲ್ಲಿವೆ. ಜವಾಬ್ದಾರಿ ಯಾರಿಗೆ ಎಂಬ ಹಳೆಯ ಮೈಸೂರಿನ ಪ್ರಶ್ನೆಗೆ ಕರ್ನಾಟಕದ ಹೆಸರಿನಲ್ಲಿಯೇ ಉತ್ತರ ದೊರೆತದ್ದು ಒಂದು ವಿಶೇಷ.

ಆದರೆ ನಮ್ಮಲ್ಲಿ ಬಹುಪಾಲು ಮಂದಿಗೆ ಸರ್ಕಾರದ ಮುಖ ಕಾಣುವುದು ವಿಧಾನಸೌಧದಲ್ಲಲ್ಲ. ನಲ್ಲಿಯಲ್ಲಿ, ಬೀದಿದೀಪದಲ್ಲಿ, ಚರಂಡಿಯಲ್ಲಿ, ಅಂಗನವಾಡಿಯಲ್ಲಿ. ಈ ಮಟ್ಟದ ಆಡಳಿತವನ್ನು ಜನರ ಕೈಗೆ ಕೊಡುವುದರಲ್ಲಿ ಕರ್ನಾಟಕ ಒಮ್ಮೆ ದೇಶಕ್ಕೆ ದಾರಿ ತೋರಿತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಬರಗಾಲದಲ್ಲಿ ಹಳ್ಳಿಹಳ್ಳಿಗೆ ಕೊಳವೆ ಬಾವಿ ತೋಡಿಸಿ 'ನೀರ್ ಸಾಬ್' ಎನಿಸಿಕೊಂಡವರು. ನೀರಿಗಿಂತ ದೊಡ್ಡದು ಅವರ 1983ರ ಕಾನೂನು. ಜಿಲ್ಲಾ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯಮಂತ್ರಿಯ ಸ್ಥಾನ. ಅವನ ಕೈಕೆಳಗೆ, ಜಿಲ್ಲಾಧಿಕಾರಿಗಿಂತ ಹಿರಿಯನಾದ ಅಧಿಕಾರಿ ಮುಖ್ಯ ಕಾರ್ಯದರ್ಶಿ. ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆಯಾಗಿದ್ದವನಿಗಿಂತ ಚುನಾಯಿತನಾದ ಹಳ್ಳಿಗನೊಬ್ಬನು ಮೇಲಿನ ಕುರ್ಚಿಯಲ್ಲಿ ಕೂತದ್ದು ಆಗಲೇ. ಶೇಕಡಾ 25ರಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ನಜೀರ್ ಸಾಬರು 1988ರಲ್ಲಿ ತೀರಿಕೊಂಡರು. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದು ಕುಳಿತರು.

ಇನ್ನು ಮುಂದೆ ಹಾಗಾಗದಿರಲೆಂದೇ 1993ರ ಏಪ್ರಿಲ್ 24ರಿಂದ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯಲ್ಲಿ ಒಂದು ಬೇಲಿ ಹಾಕಿದ್ದಾರೆ: ಪಂಚಾಯತಿಯ ಆಯುಸ್ಸು ಐದು ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿಯಬೇಕು. ನಗರಗಳಿಗೆ 74ನೆಯ ತಿದ್ದುಪಡಿಯಲ್ಲಿ ಇಂಥದೇ ಮಾತು. ಆ ಬೇಲಿ ಎಷ್ಟು ಗಟ್ಟಿ? ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಕೋಟಿ ಜನರ ನಗರ ಆಡಳಿತಾಧಿಕಾರಿಗಳ ಕೈಗೆ ಹೋಗಿ ಐದು ವರ್ಷ ಹಾಗೆಯೇ ಉಳಿಯಿತು. 2025ರಲ್ಲಿ ಆ ಪಾಲಿಕೆಯೇ ಹೋಗಿ ಅದರ ಜಾಗದಲ್ಲಿ ಐದು ಪಾಲಿಕೆಗಳನ್ನು ಮಾಡಿದರು. ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ತೀರಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂಬ ಕಾರಣಗಳು ಒಂದರ ಹಿಂದೊಂದು ಬರುತ್ತ ವರ್ಷಗಳೇ ಉರುಳಿದವು. ಬೇರೆ ಬೇರೆ ಪಕ್ಷಗಳು ಈ ನಡುವೆ ಆಳಿದವು. ಈ ಒಂದು ವಿಷಯದಲ್ಲಿ ಅವುಗಳಲ್ಲಿ ಭೇದ ಕಾಣಲಿಲ್ಲ. ಚುನಾಯಿತ ಸದಸ್ಯನಿಲ್ಲದ ಊರಿನಲ್ಲಿ ಜನ ಏನು ಮಾಡುತ್ತಾರೆ? ಕಚೇರಿಗೆ ಹೋಗಿ ಅಹವಾಲು ಹೇಳಿಕೊಳ್ಳುತ್ತಾರೆ. 1881ಕ್ಕೆ ಹಿಂದಿರುಗಿದಂತೆಯೇ. ಅಲ್ಲ, ಅದಕ್ಕೂ ಹಿಂದಕ್ಕೆ. 1881ರಲ್ಲಿ ದಿವಾನರಾದರೂ ವರ್ಷಕ್ಕೊಮ್ಮೆ ಎದುರು ನಿಲ್ಲುತ್ತಿದ್ದರು.

ನಿವೃತ್ತನಾದ ಮೇಲೆ ನಾನು ನನ್ನ ಹುಟ್ಟೂರಿನ ಗ್ರಾಮಸಭೆಗೆ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಗ್ರಾಮಸಭೆಯೆಂದರೆ ಪಂಚಾಯತಿಯ ಸದಸ್ಯರ ಸಭೆಯಲ್ಲ. ಮತದಾರರ ಪಟ್ಟಿಯಲ್ಲಿರುವ ಎಲ್ಲರೂ ಅದರ ಸದಸ್ಯರು. ಫಲಾನುಭವಿಗಳನ್ನು ಆರಿಸುವುದು, ಕಾಮಗಾರಿಗಳ ಆದ್ಯತೆಯನ್ನು ಗೊತ್ತುಮಾಡುವುದು ಕಾನೂನಿನಂತೆ ಆ ಸಭೆಯ ಕೆಲಸ. ಆದರೆ ನಾನು ಕಂಡ ಸಭೆಗಳಲ್ಲಿ ಬಹುತೇಕ ಎಲ್ಲರ ಕೈಯಲ್ಲಿಯೂ ಒಂದೊಂದು ಅರ್ಜಿ. ಮನೆ ಕೊಡಿ, ಪಿಂಚಣಿ ಕೊಡಿ ಎಂದು ವೇದಿಕೆಯತ್ತ ಚಾಚಿದ ಕೈಗಳು. ವೇದಿಕೆಯ ಮೇಲಿದ್ದ ಅಧ್ಯಕ್ಷೆ ಇನ್ನೂ ಮೂವತ್ತು ದಾಟದ ಹುಡುಗಿ. 2010ರ ತಿದ್ದುಪಡಿಯಿಂದ ಅರ್ಧದಷ್ಟು ಸ್ಥಾನಗಳು ಹೆಂಗಸರಿಗೆ ದೊರೆತ ಮೇಲೆ ಇಂಥವರು ಬಂದಿದ್ದಾರೆ. ಅವಳು ಅರ್ಜಿಗಳನ್ನು ತೆಗೆದುಕೊಳ್ಳುತ್ತಲೇ ಒಂದು ಮಾತು ಕೇಳಿದಳು: ಹೋದ ಸಲದ ಪಟ್ಟಿಯಲ್ಲಿ ಯಾರ ಹೆಸರಿತ್ತು, ಯಾರಿಗೆ ಬಂತು ಎಂದು ಯಾರೂ ಏಕೆ ಕೇಳುವುದಿಲ್ಲ? ಸಭೆಯಲ್ಲಿ ಒಬ್ಬರೂ ಬಾಯಿಬಿಡಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಮಾತ್ರ, 'ಕೇಳಿದ್ರೆ ಹೇಳ್ತೀಯೇನವ್ವ?' ಎಂದಳು. ಆ ಮೇಲೆ ಪಟ್ಟಿಯನ್ನು ಓದಿದರು.

ಇದಕ್ಕೆಂದೇ ಒಂದು ಏರ್ಪಾಡು ನಮ್ಮ ರಾಜ್ಯದಲ್ಲಿದೆ. ಅದರ ಹೆಸರು ಕೇಳಿದರೆ ಶಬ್ದಗಳ ಭಾಗ್ಯ ಹೇಗೆಲ್ಲ ಹೊರಳುತ್ತದೆಂದು ಆಶ್ಚರ್ಯವಾಗುತ್ತದೆ. ಹಿಂದೆ ಜಮಾಬಂದಿ ಎಂದರೆ ಅಮಲ್ದಾರನೋ ಅವನ ಮೇಲಿನವನೋ ಬಂದು ಡೇರೆ ಹಾಕಿ ಕೂತು ರೈತನ ಕಂದಾಯದ ಲೆಕ್ಕವನ್ನು ತನಿಖೆ ಮಾಡುವುದು. ರೈತ ಎದುರಿಗೆ ನಿಂತಿರಬೇಕು. ಈಗ ಗ್ರಾಮ ಪಂಚಾಯತಿಯಲ್ಲಿ ವರ್ಷಕ್ಕೊಮ್ಮೆ ನಡೆಯಬೇಕಾದ ಜಮಾಬಂದಿಯಲ್ಲಿ ಲೆಕ್ಕ ಪಂಚಾಯತಿಯದು, ನೋಡುವವರು ಊರಿನವರು. ಹಿಂದಿನ ವರ್ಷದ ಜಮಾಖರ್ಚಿನ ಪುಸ್ತಕ, ರಶೀದಿ, ಓಚರು, ಕಾಮಗಾರಿಯ ಕಡತ ಇವುಗಳನ್ನು ಮುಂದಿಡಬೇಕು. ಕಟ್ಟಿದೆವೆಂದು ಬರೆದಿರುವ ಚರಂಡಿ ನಿಜವಾಗಿಯೂ ಇದೆಯೇ ಎಂದು ಹೋಗಿ ನೋಡಬಹುದು. ದಿನಾಂಕವನ್ನು ಪಂಚಾಯತಿಯ ಸೂಚನಾಫಲಕದಲ್ಲಿ ಹಾಕಿರುತ್ತಾರೆ, ಡಂಗುರವನ್ನೂ ಹೊಡೆಯಿಸಬೇಕು. ನಮ್ಮ ಊರಿನಲ್ಲಿ ಕಳೆದ ಸಲ ಜಮಾಬಂದಿಗೆ ಬಂದಿದ್ದವರು ಹನ್ನೊಂದು ಮಂದಿ. ಅವರಲ್ಲಿ ಆ ಮುದುಕಿಯೂ ಇದ್ದಳು. ಓದು ಬಾರದವಳು, ಮೊಮ್ಮಗನನ್ನು ಕರೆದುಕೊಂಡು ಬಂದಿದ್ದಳು.